ರಿಬ್ಬನ್ ಬಂದ ಮೇಲೆ

ಸೊರಬದ ತಾಲ್ಲೂಕು ಕಚೇರಿ ಎದುರು, ಹುಣಸೆ ಮರದ ಬುಡದಲ್ಲಿ
ಮೂವತ್ತೊಂದು ವರ್ಷ ಅರ್ಜಿ ಬಡಿದವನು ನಾನು.
ಒಂದಕ್ಕೆ ಒಂದೂವರೆ ರೂಪಾಯಿ.
ಕಾರ್ಬನ್ ಪ್ರತಿ ಬೇಕಿದ್ದರೆ ನಾಲ್ಕಾಣೆ ಜಾಸ್ತಿ.

ಗುತ್ಯಮ್ಮ ಬರುತ್ತಿದ್ದದ್ದು ಸೋಮವಾರ.
ಕಲ್ಲುಕೊಪ್ಪದಿಂದ ಏಳು ಮೈಲಿ, ನಡೆದೇ,
ಸೆರಗಿನ ಗಂಟಿನಲ್ಲಿ ಕೇರಿಯ ಚಿಲ್ಲರೆ.
ವಿಷಯ ಒಂದೇ: ಕೇರಿಯಿಂದ ಮಸಣಕ್ಕೆ ದಾರಿ.
ಪಟೇಲರ ಬದುವಿನ ಮೇಲೆ ಹೆಣ ಹೊತ್ತರೆ ದಂಡ,
ಗದ್ದೆಗೆ ಇಳಿದರೆ ಬೈಗಳು.
‘ಹಾರಿಸಾನ ಅಂದ್ರೆ ಹೆಣಕ್ಕೆ ರೆಕ್ಕೆ ಇಲ್ವಲ್ಲ ಅಯ್ಯಾ.’

ಮೊದಲ ಸಲ, ರೂಢಿಯಂತೆ,
‘ತಮ್ಮ ಪಾದಗಳಲ್ಲಿ ಬೇಡಿಕೊಳ್ಳುತ್ತೇನೆ’ ಎಂದು ಬಡಿದು ಓದಿ ಹೇಳಿದೆ.
ಇನ್ನೊಮ್ಮೆ ಓದಿಸಿದಳು.
‘ಬೇಡೋದು ಅನ್ನ. ಇದು ದಾರಿ.
ಪಾದ ತೆಗೀರಿ. ಕೇಳ್ತೀನಿ ಅಂತ ಹಾಕ್ರಿ.’
ಹಾಳೆ ಎಳೆದು ಹೊಸದು ಹಾಕಿದೆ.
ಕೆಟ್ಟ ಹಾಳೆಯ ದುಡ್ಡನ್ನೂ ಎಣಿಸಿ ಇಟ್ಟಳು.

ನಲವತ್ತಮೂರು ಅರ್ಜಿ. ನಾಲ್ಕು ತಹಶೀಲ್ದಾರರು.
ಆಮೇಲಾಮೇಲೆ ಒಬ್ಬಳೇ ಬರಲಿಲ್ಲ:
ಮಾಸ್ತಮ್ಮ, ಹೊಳಿಯಮ್ಮ, ಕಿವಿ ಕೇಳದ ಬಂಗಾರಿ,
ಇನ್ನೊಂದು ಏಳೆಂಟು ಜನ.
ಹೆಸರು ಟೈಪು ಮಾಡಿದ್ದೆ. ಮರೆತಿದೆ.

ಅರ್ಜಿ ಮುಗಿದರೆ ಚಹಾ, ಅದೂ ಅವಳ ದುಡ್ಡಲ್ಲಿ.
ನನಗೆ ಗಾಜಿನ ಲೋಟ, ಹುಡುಗ ತಂದಿಡುತ್ತಿದ್ದ.
ಅವಳು ಹೋಟೆಲಿನ ಸೂರಿನಡಿ ಮೊಳೆಗೆ ನೇತಿದ್ದ
ತಗಡಿನ ಮಗ್ಗು ತೆಗೆದು, ತೊಳೆದು, ಒಡ್ಡಿ,
ನಿಂತೇ ಕುಡಿದು, ತೊಳೆದು,
ಅದೇ ಮೊಳೆಗೆ ಹಾಕಿ ಬರುತ್ತಿದ್ದಳು.
ಎರಡು ವರ್ಷ ಇದನ್ನು ನೋಡಿದೆ.
ನೋಡಿದೆ ಅನ್ನುವುದು ಸುಳ್ಳು.
ಕಣ್ಣ ಮುಂದೆ ಇತ್ತು, ಅಷ್ಟೆ.

ಶ್ರಾವಣದ ಒಂದು ಸೋಮವಾರ:
‘ಇವತ್ತು ದಾರಿ ಬ್ಯಾಡ. ಆ ಮಗ್ಗಿನ ಮೇಲೆ ಬರೀರಿ.’
ಹೋಟೆಲು ನನ್ನ ಷಡ್ಡಕನದು.
ಅವನ ಸಾಲದ ಪುಸ್ತಕದಲ್ಲಿ ನನಗೇ ಒಂದು ಪುಟ.
‘ರಿಬ್ಬನ್ ಒಣಗಿದೆ ಗುತ್ಯಮ್ಮ’ ಅಂದೆ.

ಅವಳು ಬಗ್ಗಿ ನೋಡಿದಳು.
ಹೆಬ್ಬೆರಳಿಂದ ರಿಬ್ಬನ್ ಮುಟ್ಟಿದಳು. ಬೆರಳು ಕಪ್ಪಾಯಿತು.
ನನ್ನ ಮುಖ ನೋಡಲಿಲ್ಲ, ಅದೊಂದು ದಯೆ.
ಬಿಳಿ ಹಾಳೆಯೊಂದರ ಕೆಳಗೆ, ಬಲಕ್ಕೆ,
ಆ ಕಪ್ಪನ್ನೇ ಒತ್ತಿ
‘ರಿಬ್ಬನ್ ಬಂದ ಮೇಲೆ ಬರೀರಿ’ ಎಂದು
ಒಂದೂವರೆ ರೂಪಾಯಿ ಇಟ್ಟು ಎದ್ದಳು.

ಉಳಿದದ್ದು ಜವಾನ ಹೇಳಿದ್ದು:
ಏಳು ಮೊಳೆಯ ಏಳು ಮಗ್ಗು ಇಳಿಸಿ, ಮಡಿಲಲ್ಲಿ ಹೊತ್ತು,
ತಹಶೀಲ್ದಾರರ ಮೇಜಿನ ಮೇಲೆ, ಫೈಲುಗಳ ನಡುವೆ
ಸಾಲಾಗಿ ಇಟ್ಟರಂತೆ ಹೆಂಗಸರು.
‘ಓದ್ರಿ’ ಅಂದಳಂತೆ ಗುತ್ಯಮ್ಮ.

ಷಡ್ಡಕ ಕಳುವಿನ ಕೇಸು ಹಾಕಿದ. ಮಾಲಿನ ಬೆಲೆ ಹದಿನಾಲ್ಕು ರೂಪಾಯಿ.
ಜಾಮೀನಿನ ಅರ್ಜಿ ಬರೆದವರು ಶಾಲೆಯ ಮೇಷ್ಟ್ರು,
ಕೈಬರಹದಲ್ಲಿ.
ಆ ವರ್ಷದ ನಾಟಿಗೆ ಅವರನ್ನು ಯಾರೂ ಕರೆಯಲಿಲ್ಲ.
ಕೆಸುವಿನ ಸೊಪ್ಪು, ಹಳ್ಳದ ಏಡಿ, ಮೇಷ್ಟ್ರು ಕೊಟ್ಟ ಅರ್ಧ ಚೀಲ ನುಚ್ಚು.
ದೀಪಾವಳಿ ಹೊತ್ತಿಗೆ ಹೋಟೆಲಿಗೆ ಸ್ಟೀಲು ಲೋಟ ಬಂತು, ಎಲ್ಲರಿಗೂ ಅದೇ.
ಪೇಪರಿನಲ್ಲಿ ಮೂರು ಸಾಲು, ‘ಕೆಲವು ಮಹಿಳೆಯರು’.
ಮೊಳೆ ಮಾತ್ರ ಯಾರೂ ಕೀಳಲಿಲ್ಲ.

ದಾರಿ ಮಂಜೂರಾದದ್ದು ಹನ್ನೊಂದು ವರ್ಷದ ಮೇಲೆ.
ಅಷ್ಟರಲ್ಲಿ ಅವಳು ಹೋಗಿಯಾಗಿತ್ತು,
ತೆನೆ ಬಂದ ಗದ್ದೆಯ ನಡುವೆ, ಮೊಣಕಾಲು ಕೆಸರಿನಲ್ಲಿ,
ಹೆಂಗಸರ ಹೆಗಲ ಮೇಲೆ.

ಮೊನ್ನೆ ಟ್ರಂಕು ಒರೆಸುವಾಗ ಸಿಕ್ಕಿತು ಆ ಹಾಳೆ.
ಅಂಚು ಹಳದಿ. ಹೆಬ್ಬೆರಳು ಮಾತ್ರ ಕಪ್ಪಗೆ,
ಗೆರೆ ಗೆರೆ ಎಣಿಸಬಹುದು.
ಮೊಮ್ಮಗಳು ಎಲ್ಲಿಂದಲೋ ರಿಬ್ಬನ್ ತರಿಸಿಕೊಟ್ಟಳು.
ಹಾಳೆ ಏರಿಸಿದೆ. ಕೈ ನಡುಗುತ್ತದೆ, ಆದರೂ ದಿನಾಂಕ ಬಿತ್ತು.
‘ಇಂದ’ ಎಂದು ಬಡಿದೆ.
ಯಾರ ಹೆಸರು ಹಾಕಬೇಕು,
ಮೂರು ದಿನದಿಂದ ಯಂತ್ರ ಅಲ್ಲೇ ನಿಂತಿದೆ.